ಒಣ ಹವಾ, ಒಡೆದ ಮೂಗು

ದೇವಿಕಾ ಒದ್ದೆ ಅರಿವೆಗೆ ಬೂದಿ ಹಚ್ಚಿ ಒಲೆಯ ಮುಂದಿನ ಪರಸಿ ಕಲ್ಲಿನ ನೆಲ ತಿಕ್ಕುತ್ತಿದ್ದಳು. ರಕ್ತದ ಕಲೆ ಹೋಗುತ್ತಿರಲಿಲ್ಲ. ಅಜ್ಜಿ ಹಣಮಮ್ಮ ಮಾರಾಟವಾಗದೆ ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು.

ವಾಡಿ ಊರಿನ ಆ ಓಣಿಯಲ್ಲಿ ಹಣಮಮ್ಮನ ಜೋಳದ ರೊಟ್ಟಿಗೆ ಹೆಸರಿತ್ತು. ಅವಳ ಕೈ ನಡುಗತೊಡಗಿದ ಮೇಲೆ ರೊಟ್ಟಿ ಬಡಿಯುವವಳು ಮೊಮ್ಮಗಳು ದೇವಿಕಾ. ಇಬ್ಬರ ಹೊಟ್ಟೆಯೂ ಆ ಒಲೆಯಿಂದಲೇ ತುಂಬಬೇಕು.

ಹೋದ ಬೇಸಿಗೆಯಲ್ಲಿ ದೇವಿಕಾಳ ಮೂಗಿನಿಂದ ರಕ್ತ ಬಂದಿತ್ತು. ಅಜ್ಜಿ ತಾಯತ ಕಟ್ಟಿದಳು. ಮಳೆ ಬಿತ್ತು, ರಕ್ತ ನಿಂತಿತು. ಅಜ್ಜಿ ತಾಯತಕ್ಕೆ ಕೈ ಮುಗಿದಳು. ದೀಪಾವಳಿ ಕಳೆದು ಒಣ ಥಂಡಿ ಗಾಳಿ ಬೀಸಿದ್ದೇ ತಡ, ಮತ್ತೆ ಸುರುವಾಯಿತು. ಅಜ್ಜಿ ಅವಳನ್ನು ತಣ್ಣನೆಯ ಪರಸಿಯ ಮೇಲೆ ಅಂಗಾತ ಮಲಗಿಸಿ ನೆತ್ತಿಗೆ ನೀರು ಹೊಯ್ದಳು. ರಕ್ತ ಗಂಟಲಿಗೆ ಇಳಿಯಿತು. ರೊಟ್ಟಿ ಒಯ್ಯಲು ಬಂದವರ ಕಣ್ಣ ಮುಂದೆಯೇ ದೇವಿಕಾ ರಕ್ತ ಕಾರಿಕೊಂಡಳು.

ಅಂದಿನಿಂದ ರೊಟ್ಟಿಯ ಬುಟ್ಟಿ ಖಾಲಿಯಾಗಿಲ್ಲ.

ಆಶಾ ಕಾರ್ಯಕರ್ತೆ ಲುಂಬಿನಿ ಬಾಗಿಲಿಗೆ ಬಂದು ನೆಲದ ಮೇಲಿನ ಹೊಸ ಕಲೆ ನೋಡಿದಳು. “ದೊಡ್ಡವ್ವಾ, ಮತ್ತ ಅಂಗಾತ ಮಲಗ್ಸಿದ್ರೇನು?”

“ಮತ್ತೇನು ತಲಿಕೆಳಗ ನಿಲ್ಲಿಸ್ಲೇನವ್ವ? ಇಕಿಗಿ ದೊಡ್ಡ ಬ್ಯಾನಿ ಅದಾ ಅಂತ ಓಣಿಯೆಲ್ಲಾ ಅನ್ಲಿಕತ್ತಾದ. ಬಾಜೂ ಮನಿ ಭೀಮಬಾಯಿ ಒಯ್ದ ರೊಟ್ಟಿ ವಾಪಸ್ ತಂದಿಟ್ಟಳು.”

“ಇಕಿ ರಕ್ತ ಕಾರಿಕೊಂಡ ಮ್ಯಾಲ ದವಾಖಾನ್ಯಾಗ ಎಲ್ಲಾ ತಪಾಸ್ ಮಾಡಿಸೀವಿ. ಟಿಬಿ ಇಲ್ಲ, ಏನಿಲ್ಲ. ಹೊಟ್ಟಿಗಿ ಹೋದ ಮೂಗಿನ ರಕ್ತಾನೇ ವಾಂತಿ ಆಗಿ ಬಂದದ.”

“ಹಂಗಿದ್ರ ಮಳಿಗಾಲದಾಗ ಹೆಂಗ ನಿಂತಿತ್ತು? ತಾಯತಕ್ಕ ನಿಂತಿತ್ತು.”

“ಮಳಿ ಬಿದ್ದ ಮ್ಯಾಲ ನಿಮ್ಮ ಒಡಕು ಹಿಮ್ಮಡಿ ಕೂಡ್ತಾವಲ್ಲ, ಅದಕ್ಕ ಯಾವ ತಾಯತ ಕಟ್ಟಿದ್ರಿ?”

ಅಜ್ಜಿ ಸೀರೆಯ ಅಂಚಿನಿಂದ ಹಿಮ್ಮಡಿ ಮುಚ್ಚಿಕೊಂಡಳು. ದೇವಿಕಾಳಿಗೆ ಭಾಳ ದಿನದ ಮೇಲೆ ನಗು ಬಂತು.

“ಮಳಿಗಾಲದಾಗ ಹವಾ ಹಸಿ ಇರ್ತದ. ಥಂಡ್ಯಾಗ, ಬ್ಯಾಸಗ್ಯಾಗ ಒಣಗ್ತದ. ಮೂಗಿನ ಒಳಗಿನ ಚರ್ಮ ಭಾಳ ತೆಳು, ಒಣಗಿ ಒಡೀತದ. ಮ್ಯಾಲ ಇಕಿ ಒಲಿ ಮುಂದ ಕುಂದರ್ತಾಳ.” ಲುಂಬಿನಿ ದೇವಿಕಾಳನ್ನು ಕೂರಿಸಿಕೊಂಡಳು. “ನೆಟ್ಟಗ ಕುಂದರು. ಥೋಡೆ ಮುಂದ ಬಾಗು. ಮೂಗಿನ ಮೆತ್ತನ ಭಾಗ ಒತ್ತಿ ಹಿಡಿ, ಬಾಯಿಲೆ ಉಸಿರಾಡು. ಹತ್ತು ಹದಿನೈದು ಮಿನಿಟ್ ಕೈ ಬಿಡಬ್ಯಾಡ. ಬಾಯಿಗಿ ಬಂದದ್ದು ಉಗುಳು, ನುಂಗಬ್ಯಾಡ. ಅಷ್ಟಾದ್ರೂ ನಿಲ್ಲಲಿಲ್ಲಂದ್ರ, ಇಲ್ಲಾ ಮತ್ತ ಮತ್ತ ಬಂದ್ರ ದವಾಖಾನಿಗಿ ನಡಿ. ಮಲಗೂ ಮುಂದ ಮೂಗಿನೊಳಗ ಥೋಡೆ ವ್ಯಾಸಲಿನ್ ಸವರಿಕೋ.”

ಮುಂದಿನ ಸಲ ರಕ್ತ ಬಂದಾಗ ಅಜ್ಜಿಯೇ ಮೊಮ್ಮಗಳ ಬೆನ್ನು ಹಿಡಿದು ಮುಂದಕ್ಕೆ ಬಾಗಿಸಿದಳು. ರಕ್ತ ನಿಂತಿತು. ವಾಂತಿ ಆಗಲಿಲ್ಲ. ಅಜ್ಜಿ ತಾನೇ ತಾಯತ ಬಿಚ್ಚಿದಳು. ಆದರೆ ಬುಟ್ಟಿ ತುಂಬಿಯೇ ಉಳಿಯಿತು.

ಲುಂಬಿನಿ ಮಹಿಳಾ ಸಂಘದ ಸಭೆಯನ್ನು ಅವರ ಮನೆಯ ಅಂಗಳದಲ್ಲೇ ಕರೆದಳು. ಎಲ್ಲವನ್ನೂ ಮತ್ತೆ ಬಿಡಿಸಿ ಹೇಳಿದಳು. ಹೆಂಗಸರು ತಲೆಯಾಡಿಸಿದರು.

“ಎಲ್ಲಾ ಖರೆ ಅದಾರಿ,” ಎಂದಳು ಭೀಮಬಾಯಿ, ಸೆರಗು ಸರಿ ಮಾಡಿಕೊಳ್ಳುತ್ತ. “ಆದ್ರೂ ತಿನ್ನೂ ಪದಾರ್ಥ ನೋಡ್ರಿ.”

ಈ ಕಥೆ ಕೇಳುತ್ತಿರುವ ಅಕ್ಕ ತಂಗಿಯರೇ, ಒಣ ಹವಾಕ್ಕೆ ಯಾರ ಮೂಗಾದರೂ ಒಡೆಯಬಹುದು. ಅಂಗಾತ ಮಲಗಿಸಬೇಡಿ, ಮುಂದೆ ಬಾಗಿಸಿ ಕೂರಿಸಿ. ಇಲ್ಲದ ಬೇನೆಯ ಹೆಸರು ಹಚ್ಚಬೇಡಿ. ಮೂಗು ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಒಮ್ಮೆ ಹಚ್ಚಿದ ಹೆಸರನ್ನು ಎಲ್ಲಿ ಹಿಡಿದು ನಿಲ್ಲಿಸಬೇಕೋ ಆ ಹುಡುಗಿಗೆ ತಿಳಿಯದು.

ಅಂದು ಸಭೆ ಮುಗಿಯುವಾಗ ದೇವಿಕಾ ನೀರು ತಂದಳು. ಲುಂಬಿನಿ ಕುಡಿದಳು. ದೇವಿಕಾ ಲೋಟ ತೊಳೆದು, ಮತ್ತೆ ತುಂಬಿ, ಉಳಿದವರ ಮುಂದೆ ಹಿಡಿದಳು.

“ಭೀಮಬಾಯಿ ಅತ್ತಿ, ನೀರು ಕುಡೀರಿ.”

ಭೀಮಬಾಯಿ ಲೋಟ ಮುಟ್ಟದೆ ಮತ್ತೆ ಸೆರಗು ಸರಿ ಮಾಡಿಕೊಂಡಳು.