ಇನ್ನೂರೈವತ್ತು ಗಾಡಿ ಗೋಡು

"ಸಗಣಿ ಬಾಚೋ ನನ್ಮಗನೇ, ಏಳ್ನೇ ಕ್ಲಾಸಲ್ಲಿ ಎರಡು ಸಲ ಡುಮ್ಕಿ ಒಡ್ದೋನು ನೀನು. ಸಾರಜನಕದ ಇಚಾರ ನಿಂಗೇನ್ಲಾ ಗೊತ್ತು? ಕೂತ್ಕಳ್ಲಾ ಕೆಳಕ್ಕೆ!"

ಗೌಡನಕಟ್ಟೆಯ ಶಾಲೆ ಜಗಲಿಯಲ್ಲಿ ಊರಿಗೆ ಊರೇ ಕೂತಿದ್ದಾಗ ಶಿವಶಂಕರ್ ಮರಿಸ್ವಾಮಿಗೆ ಹೀಗೆ ಅಂದ. ಜನ ಕಿಸಕ್ಕನೆ ನಕ್ಕರು. ನಕ್ಕವರಲ್ಲಿ ಮರಿಸ್ವಾಮಿಯ ಸೋದರಮಾವ ದ್ಯಾವಯ್ಯನೂ ಇದ್ದ. ಮರಿಸ್ವಾಮಿಯ ಕಿವಿ ಕೆಂಡವಾಯಿತು. ಆದರೆ ಕೂರಲಿಲ್ಲ.

ಶಿವಶಂಕರ್ ಶ್ರೀರಂಗಪಟ್ಟಣದವನು. ಬಿಳಿ ಸಫಾರಿ, ಬೆರಳಿಗೊಂದು ಉಂಗುರ. ಪಾಂಡವಪುರದ ರಸ್ತೆ ಪಕ್ಕ, ಕೆರೆಯ ಮೇಲುಗಡೆ ಹನ್ನೆರಡು ಎಕರೆ ಕೊಂಡು, ಕಲ್ಲು ನೆಟ್ಟು, 'ಲೇಕ್ ವ್ಯೂ ಬಡಾವಣೆ' ಎಂದು ಬೋರ್ಡು ಹಾಕಿದ್ದ. ಇನ್ನೂರು ಮನೆ. ಅಷ್ಟೂ ಮನೆಯ ಕಕ್ಕಸ್ಸಿನ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಬೋರ್ಡಿನಲ್ಲಿರಲಿಲ್ಲ, ನಕ್ಷೆಯಲ್ಲಿತ್ತು: ಕೆರೆಗೆ. ಕಿಟಕಿಯಿಂದ ಕೆರೆ ನೋಡುವುದು, ಹಿತ್ತಲಿಂದ ಕೆರೆ ತುಂಬಿಸುವುದು.

ಆ ಕೆರೆಯ ಕೆಳಗೇ ಮರಿಸ್ವಾಮಿಯ ಎರಡು ಎಕರೆ ಗದ್ದೆ. ಅವನ ಮೂರು ಎಮ್ಮೆ ಕುಡಿಯುವುದೂ ಅದೇ ನೀರು.

ಶಿವಶಂಕರನಿಗೆ ಅಡ್ಡ ಬಂದದ್ದು ಒಂದು ಹೊಸ ನಿಯಮ. ಮಾಲಿನ್ಯದ ಆಫೀಸಿನಿಂದ ಬಂದಿದ್ದ ಸೋಮಯ್ಯ ಅದನ್ನು ಊರಿಗೆ ಓದಿ ಹೇಳಿದ್ದರು. ಕೊಳಚೆಯಲ್ಲಿ ಸಾರಜನಕ, ರಂಜಕ ಇರುತ್ತವೆ. ಗೊಬ್ಬರದ ಚೀಲದಲ್ಲಿರುವ ಸತ್ವವೇ ಅದು. ಹೆಚ್ಚಾದರೆ ಕೆರೆ ತುಂಬ ಅಂತರಗಂಗೆ ಬೆಳೆದು ಮೀನು ಉಸಿರುಕಟ್ಟಿ ಸಾಯುತ್ತವೆ. ಆದ್ದರಿಂದ ಬಡಾವಣೆ ಎಷ್ಟು ಸತ್ವ ಬಿಡುತ್ತದೋ ಅಷ್ಟನ್ನು ಕೆರೆಯಿಂದ ಹೊರಕ್ಕೆ ತೆಗೆಸಬೇಕು. ಇಲ್ಲವಾದರೆ ಒಪ್ಪಿಗೆ ಇಲ್ಲ.

"ತೆಗುಸ್ತಾ ಇದೀವಲ್ಲ ಸಾರ್, ವರ್ಷಾ ವರ್ಷಾ ಇನ್ನೂರೈವತ್ತು ಗಾಡಿ ಗೋಡು," ಎಂದು ಶಿವಶಂಕರ್ ಫೈಲು ಬಿಚ್ಚಿದ್ದ.

ಇದನ್ನು ಕೇಳಿಯೇ ಮರಿಸ್ವಾಮಿ ಎದ್ದು ನಿಂತದ್ದು, ಬೈಸಿಕೊಂಡದ್ದು. ಬೇಸಿಗೆಯಲ್ಲಿ ಗೋಡನ್ನು, ಅಂದರೆ ಸತ್ವ ತುಂಬಿದ ಕೆರೆಯಡಿಯ ಕಪ್ಪು ಹೂಳನ್ನು, ಗಾಡಿಗೆ ತುಂಬಿ ಗದ್ದೆಗೆ ಹೊಡೆಯುವುದು ತಾತಂದಿರ ಕಾಲದ ರೂಢಿ. ಮರಿಸ್ವಾಮಿಯ ಮನೆಯ ಗಾಡಿ ಇಳಿಯದೆ ಬೇರೆ ಗಾಡಿ ಕೆರೆಗೆ ಇಳಿಯುವಂತಿಲ್ಲ. ಶಿವಶಂಕರ್ ಒಂದು ಮಂಕರಿ ಗೋಡನ್ನೂ ಹೊತ್ತವನಲ್ಲ.

"ನಮ್ ಗಾಡಿ, ನಮ್ ಎತ್ತು, ನಮ್ ಸೊಂಟ! ಇವನ್ಯಾವಾಗ ತೆಗುಸ್ದ ಸಾ? ಓದ್ ಬ್ಯಾಸ್ಗೇಲಿ ಇನ್ನೂರೈವತ್ತು ಗಾಡಿ ಒಡ್ದಿರೋರು ನಾವು. ಬೇಕಾದ್ರೆ ಊರ್ನೇ ಕೇಳಿ!"

ಸೋಮಯ್ಯ ಕನ್ನಡಕ ಏರಿಸಿದರು. "ಹಾಗಾದ್ರೆ ಇನ್ನೂರೈವತ್ತು ಗಾಡಿ ಹೋಗಿರೋದು ನಿಜ?"

"ನಿಜ ಸಾ. ಮಾದಪ್ಪನಾಣೆ."

"ಸರಿ. ಅಂಕಿ ತಾಳೆ ಆಯ್ತು," ಎಂದು ಬರೆದುಕೊಂಡರು.

"ಅಂಗಲ್ಲ ಸಾ, ಅದು ನಮ್ದು..."

"ಯಾರ ಗಾಡಿ ಅಂತ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲಪ್ಪ. ಗೋಡು ಹೊರಗೆ ಹೋಗಿದೆಯಾ ಇಲ್ವಾ, ಅಷ್ಟೇ."

"ಲಾಯರ್ ಇಟ್ಟಿದ್ರೂ ಅವ್ನು ಇಂಗೆ ಗೆಲ್ತಿರ್ನಿಲ್ಲ ಕಣ್ಲಾ ಅಳೀಮಯ್ಯ," ಎಂದ ದ್ಯಾವಯ್ಯ. ಜಗಲಿ ಮತ್ತೆ ನಕ್ಕಿತು. ಶಿವಶಂಕರ್ ಎಲ್ಲರಿಗೂ ಕಾಫಿ ಹೇಳಿದ.

ಸೋಮಯ್ಯ ಹಾಳೆ ತಿರುವಿದರು. "ಇನ್ನೊಂದು ಕಾಲಂ ಇದೆ. ಮುಂದಕ್ಕೂ ತೆಗೀತೀವಿ ಅಂತ ತೆಗೆಯೋರೇ ಹೇಳ್ಬೇಕು. ಅದು ಖಾಲಿ ಇದ್ರೆ ಫೈಲು ಇಲ್ಲೇ ಕೂರುತ್ತೆ. ಮೊದಲ ಗಾಡಿಯೋನು ನೀನು ತಾನೆ? ಮುಂದಿನ ಬೇಸಿಗೇಲಿ ಎಷ್ಟು ಹೊಡೀತೀರಿ?"

ಮುನ್ನೂರು ಎಂದು ನಾಲಿಗೆ ತುದಿಗೆ ಬಂದದ್ದನ್ನು ಮರಿಸ್ವಾಮಿ ನುಂಗಿಕೊಂಡ. ಹೊಡೆಯುತ್ತೇವೆ ಎಂದರೆ ಇನ್ನೂರು ಮನೆಯ ಹೇಲು ಎಮ್ಮೆಯ ಬಾಯಿಗೆ. ಹೊಡೆಯುವುದಿಲ್ಲ ಎಂದರೆ ಅದೂ ಬರಹಕ್ಕೆ ಬೀಳುತ್ತದೆ. ನಾಳೆ ಗಾಡಿ ಇಳಿಸಿದ ದಿನ ಅದೇ ಹಾಳೆ ಹಿಡಿದುಕೊಂಡು ಯಾರಾದರೂ ಅಡ್ಡ ನಿಲ್ಲುತ್ತಾರೆ, ಗದ್ದೆ ಗೋಡಿಲ್ಲದೆ ಬಡವಾಗುತ್ತದೆ. ಬಾಯಿಬಿಟ್ಟು ನಿಜ ಹೇಳಿದ್ದಕ್ಕೆ ಏನು ಸಿಕ್ಕಿತೆಂದು ಈಗಷ್ಟೇ ನೋಡಿದ್ದ.

ಬಗ್ಗಿ ಚಪ್ಪಲಿ ಮೆಟ್ಟಿಕೊಂಡ.

"ಎಷ್ಟು ಅಂತ ಏಳ್ಲಾ," ಎಂದ ಶಿವಶಂಕರ್.

ಮರಿಸ್ವಾಮಿ ಜಗಲಿ ಇಳಿದ.

"ಏಳಪ್ಪ, ಸಾಹೇಬ್ರು ಕೇಳ್ತಾವ್ರೆ."

ಅವನು ಶಾಲೆಯ ಗೇಟು ದಾಟಿದ. ಶಿವಶಂಕರ್ ಕಾಫಿ ಲೋಟ ಹಿಡಿದುಕೊಂಡೇ ಹಿಂದೆ ಓಡಿದ.

"ಮರಿಸ್ವಾಮಣ್ಣ! ಕಾಫಿನಾದ್ರೂ ಕುಡ್ಕಂಡು ಓಗಣ್ಣ! ಒಂದು ನಂಬರ್ ಏಳ್ಬುಡು ಸಾಕು, ಐವತ್ತೋ ನೂರೋ!"

ಮರಿಸ್ವಾಮಿ ತಿರುಗಿ ನೋಡಲಿಲ್ಲ. ಕೆರೆ ಏರಿಯ ಮೇಲೆ ಬಿರಬಿರನೆ ನಡೆದು ಹೋದ.