ತಡವಾಗಿ ಏಳುವ ಟರ್ಬೋ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ. ಗ್ಯಾರೇಜು ನಡೆಸುವವಳಿಗೆ ಕೋಪ ಇರಲೇಬೇಕು, ಇಲ್ಲದಿದ್ದರೆ ಎಲ್ಲರೂ ತಲೆ ಮೇಲೆ ಹತ್ತಿ ಕೂರುತ್ತಾರೆ. ಎಲ್ಲರಿಗಿಂತ ಮೊದಲು ಹತ್ತುವವನು ಅವನೇ. ಅವನಿಗೆ ನಾನಿಟ್ಟ ಹೆಸರು ಪಂಡಿತ. ಒಂದು ನಟ್ಟು ಬಿಚ್ಚಬೇಕಾದರೂ ಕಂಪ್ಯೂಟರಿನಲ್ಲಿ ನಾಲ್ಕು ಜನ ಏನು ಬರೆದಿದ್ದಾರೆ ಎಂದು ನೋಡದೆ ಅವನಿಗೆ ಸ್ಪ್ಯಾನರ್ ಹಿಡಿಯಲು ಕೈ ಬರುವುದಿಲ್ಲ. ಆದರೂ ಕೆಲಸಗಾರ. ಅದನ್ನು ಅವನೆದುರು ಮಾತ್ರ ಹೇಳುವುದಿಲ್ಲ.

ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಅಮ್ಮನ ಕಾರು ವರ್ಷಗಟ್ಟಲೆ ಟಾರ್ಪಾಲು ಹೊದ್ದು ಮಲಗಿತ್ತು. ಎರಡು ಬಾಗಿಲಿನ ಪುಟ್ಟ ಕಾರು. ಅಮ್ಮ ಅದನ್ನು ಡಬ್ಬಿ ಎನ್ನುತ್ತಿದ್ದಳು. ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ಅವಳಿಗೆ ಕೆಲಸ. ಗಾಳಿ ಎಷ್ಟಿದೆ, ಮಳೆ ಎಷ್ಟು ಬಿತ್ತು, ಮೋಡ ಎಂಥದ್ದು ಎಂದು ನೋಡಿ ಕೆಳಗಿನ ಕಚೇರಿಗೆ ಫೋನು ಮಾಡಬೇಕು. ಅದಕ್ಕಾಗಿ ದಿನಾ ಆ ಅಂಕುಡೊಂಕಿನ ರಸ್ತೆಯನ್ನು ಹತ್ತಬೇಕು. ಬೇರೆಯವರ ಕಾರುಗಳು ಏದುಸಿರು ಬಿಡುತ್ತಿದ್ದ ಕಡೆ ಡಬ್ಬಿ ಸರ್ರನೆ ಏರುತ್ತಿತ್ತು, ಏಕೆಂದರೆ ಅದರೊಳಗೆ ಟರ್ಬೋ ಇತ್ತು. ಎಂಜಿನ್ ಬಿಡುವ ಹೊಗೆಯಿಂದಲೇ ತಿರುಗುವ ಒಂದು ಪುಟ್ಟ ಫ್ಯಾನು ಅದು. ತಿರುಗಿ ತಿರುಗಿ ಎಂಜಿನ್ನಿಗೆ ಹೆಚ್ಚಿನ ಗಾಳಿ ತುರುಕುತ್ತದೆ, ಗಾಳಿ ಹೆಚ್ಚಿದಂತೆ ಕಾರಿಗೆ ಬಲ ಹೆಚ್ಚುತ್ತದೆ. ಈಗ ಕೇಂದ್ರದ ಕೆಲಸವನ್ನೆಲ್ಲ ಯಂತ್ರಗಳೇ ಮಾಡುತ್ತವೆ. ರಸ್ತೆಗೆ ಗೇಟು ಬಿದ್ದಿದೆ. ಹಳೆಯ ನೌಕರರು ಯಾರಾದರೂ ಬಂದು ಕೇಳಿದರೆ ಮಾತ್ರ ಕಾವಲುಗಾರ ಅದನ್ನು ತೆಗೆಯುತ್ತಾನೆ.

ವರ್ಷದ ಮೊದಲಲ್ಲಿ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನಡುವೆ ಚೆನ್ನಾಗಿ ಕಾಣುತ್ತದೆ, ಅಂಚುಗಳು ಮಸುಕಾಗುತ್ತಿವೆ, ಅದನ್ನು ಹಿಂದಕ್ಕೆ ತರಲಾಗದು ಎಂದರು.

"ಗಾಡಿ ಓಡ್ಸೋದಾದ್ರೆ ಹಗಲು ಹೊತ್ತಲ್ಲಿ, ಗೊತ್ತಿರೋ ರಸ್ತೇಲಿ, ಪಕ್ಕದಲ್ಲಿ ಒಬ್ರನ್ನ ಕೂರಿಸ್ಕೊಂಡು ಓಡ್ಸಿ. ಮುಂದಿನ ಸಲ ಬಂದಾಗ ಅದೂ ಬೇಡ ಅನ್ನಬೇಕಾಗುತ್ತೋ ಏನೋ."

ಮನೆ ಹತ್ತಿರ ಬಂದಾಗ ಅಮ್ಮ, "ಅಷ್ಟರೊಳಗೆ ಆ ಬೆಟ್ಟಕ್ಕೆ ಒಂದ್ಸಲ ನನ್ನ ಡಬ್ಬೀಲಿ ಹೋಗ್ಬೇಕಿತ್ತು ಕಣೇ," ಎಂದಳು. ಅಮ್ಮ ಇದು ಬೇಕು, ಅದು ಬೇಕು ಎಂದು ಕೇಳಿದವಳೇ ಅಲ್ಲ.

ಮರುದಿನವೇ ಟಾರ್ಪಾಲು ತೆಗೆದೆವು. ತಳದ ತಗಡು ಹಪ್ಪಳದಂತೆ ಮುರಿಯುತ್ತಿತ್ತು. ಏರ್ ಫಿಲ್ಟರಿನೊಳಗೆ ಇಲಿ ಸಂಸಾರ ಹೂಡಿತ್ತು. ಕೊಳೆತ ಭಾಗವನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿದೆವು. ಎಂಜಿನ್ ಇಳಿಸಿ ಪಿಸ್ಟನ್ ರಿಂಗು ಬದಲಿಸಿದೆವು, ವೈರಿಂಗು ಪೂರ್ತಿ ಹೊಸದಾಗಿ ಎಳೆದೆವು, ಬ್ರೇಕು ದೊಡ್ಡದು ಹಾಕಿದೆವು. ಮೂಲ ಬಣ್ಣ ಯಾವುದೆಂದು ನಾನೂ ಪಂಡಿತನೂ ಕಾಲು ಕೆರೆದು ಜಗಳವಾಡಿದೆವು. ಕೊನೆಗೆ ಡ್ಯಾಶ್‌ಬೋರ್ಡಿನ ಹಿಂದೆ ಬಿಸಿಲು ಕಾಣದ ಒಂದು ಮೂಲೆ ಸಿಕ್ಕಿತು. ಹಸಿರು. ನಾನು ಹೇಳಿದ್ದೇ ಸರಿ ಇತ್ತು.

ಟರ್ಬೋ ಬಿಚ್ಚಿದಾಗ ಒಳಗಿನ ಶಾಫ್ಟು ಅಲ್ಲಾಡುತ್ತಿತ್ತು, ಎಣ್ಣೆ ಸೋರಿ ಕರಿ ಕಟ್ಟಿತ್ತು. ಪಂಡಿತ ಅದನ್ನು ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ತೋರಿಸಿದ.

"ಇದು ಮಹಾ ಸೋಂಬೇರಿ ಅಕ್ಕ. ಆಕ್ಸಿಲರೇಟರ್ ಒತ್ತಿದ ಮೇಲೆ ಎದ್ದು ಮೈ ಮುರಿದು ಹಲ್ಲುಜ್ಜಿ ಆಮೇಲೆ ಬರುತ್ತೆ. ಈಗಿನ ಕಾಲದ್ದು ಹಾಕೋಣ. ಕಾಲಿಟ್ರೆ ಸಾಕು, ಬಲ ಬಂತು ಅಂತ್ಲೇ."

ನಾನೂ ಕುಣಿದುಕೊಂಡು ಒಪ್ಪಿದೆ. ಅಮ್ಮನಿಗೆ ಒಳ್ಳೆಯದನ್ನೇ ಕೊಡಬೇಕಲ್ಲ! ಹೊಸ ಟರ್ಬೋ ಬಂತು, ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆಯ ಕಾರ್ಬುರೇಟರ್ ಹೋಗಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಬಂತು, ಅದನ್ನೆಲ್ಲ ಆಳುವ ಪುಟ್ಟ ಕಂಪ್ಯೂಟರೂ ಬಂತು. ಹಳೆಯ ಟರ್ಬೋ ಶೆಡ್ಡಿನ ಬಾಗಿಲು ಗಾಳಿಗೆ ಹಾಕಿಕೊಳ್ಳದಂತೆ ಅಡ್ಡ ಇಡಲು ಉಪಯೋಗಕ್ಕೆ ಬಂತು. ನಾನು ಡಬ್ಬಿಯನ್ನು ಊರ ಹೊರಗೆ ಒಂದು ಸುತ್ತು ಓಡಿಸಿ ನೋಡಿದೆ. ಬೆಣ್ಣೆ, ಬೆಣ್ಣೆ. ಪಂಡಿತನ ಬೆನ್ನು ತಟ್ಟಬೇಕೆನ್ನಿಸಿತು, ತಡೆದುಕೊಂಡೆ.

ಒಂದು ಬೆಳಿಗ್ಗೆ ಅಮ್ಮನನ್ನು ಗೇಟಿನ ತನಕ ಕರೆದುಕೊಂಡು ಹೋದೆವು. ಹಸಿರು ಡಬ್ಬಿಯನ್ನು ಕಂಡು ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಸುತ್ತ ಒಂದು ಬಾರಿ ನಡೆದಳು, ಬಾನೆಟ್ ಸವರಿದಳು, ಸೀಟನ್ನು ತನಗೆ ಬೇಕಾದಷ್ಟು ಮುಂದಕ್ಕೆಳೆದು ಕೂತಳು. ನಾನು ಪಕ್ಕದಲ್ಲಿ. ಕಾವಲುಗಾರ ಗೇಟು ತೆಗೆದ. ಪಂಡಿತ ಅಲ್ಲೇ ನಿಂತು ಎರಡೂ ಕೈ ಬೀಸಿದ.

ಮೊದಲ ತಿರುವನ್ನು ಸುಸೂತ್ರವಾಗಿ ದಾಟಿದೆವು. ಎರಡನೆಯದಕ್ಕೆ ಮುಂಚೆ ರಸ್ತೆಬದಿಯಲ್ಲಿ ಒಂದು ಕಲ್ಲಿನ ನೀರಿನ ತೊಟ್ಟಿ ಇದೆ. ಅದು ಬಂದದ್ದೇ ಅಮ್ಮ ಆಕ್ಸಿಲರೇಟರನ್ನು ಪೂರಾ ಒತ್ತಿದಳು. ಡಬ್ಬಿ ಚಂಗನೆ ನೆಗೆಯಿತು. ತಿರುವು ಇನ್ನೂ ಮುಂದಿತ್ತು. ನಾವು ಅದರೊಳಗೆ ಹೋಗಿ ಬಿದ್ದೆವು ಎಂದೇ ಹೇಳಬೇಕು. ಮುಂದಿನ ಚಕ್ರಗಳು ಜಾರಿ, ಮೂತಿ ನೇರ ತಡೆಗೋಡೆಯ ಕಡೆಗೆ ಹೋಯಿತು. ದೊಡ್ಡ ಬ್ರೇಕು ಹಾಕಿದ್ದೆವಲ್ಲ, ಅದು ಕಾಪಾಡಿತು. ಗೋಡೆಗೂ ನಮಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಜಾಗವಿತ್ತು.

ಅಮ್ಮ ಎಂಜಿನ್ ಆರಿಸಿದಳು. ಸ್ಟೀರಿಂಗಿನ ಮೇಲಿದ್ದ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಯಾವಾಗ್ಲೂ ಒತ್ತೋ ಜಾಗದಲ್ಲೇ ಒತ್ತಿದೆ ಕಣೇ," ಎಂದಳು. ಆಮೇಲೆ, "ಕಾರು ಚೆನ್ನಾಗೇ ಇದೆ. ನನ್ನ ಕೈ ಹೋಯ್ತು. ನೀನೇ ಓಡ್ಸು," ಎಂದು ಇಳಿದಳು.

ಮನೆಗೆ ಬಂದು ಕೀಯನ್ನು ಮೊಳೆಗೆ ನೇತುಹಾಕಿ ಅಡಿಗೆಮನೆಗೆ ಹೋದಳು. ಅಳಲಿಲ್ಲ, ಕೂಗಾಡಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಆಮೇಲಿನ ದಿನಗಳಲ್ಲಿ ಲೋಟ ತೆಗೆದುಕೊಳ್ಳುವಾಗಲೂ ಎರಡೂ ಕೈ ಹಾಕತೊಡಗಿದಳು. ಈರುಳ್ಳಿ ಹೆಚ್ಚಿಕೊಡು ಎಂದು ನನ್ನನ್ನು ಕರೆಯತೊಡಗಿದಳು. ಕೈ ಹೋಯಿತು ಎಂದು ಬರೀ ಬಾಯಲ್ಲಿ ಅಂದದ್ದಲ್ಲ, ನಂಬಿಬಿಟ್ಟಿದ್ದಳು.

ನಾನು ನನ್ನ ಕೋಪವನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿ ಪಂಡಿತನ ಮೇಲೆ ಸುರಿದೆ. ಅವನು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. "ನೋಡಕ್ಕ, ಬಲ ಏರೋ ಗೆರೆ ಎಷ್ಟು ನೀಟಾಗಿದೆ. ಕಾರಲ್ಲಿ ಒಂದು ತಪ್ಪಿದ್ರೆ ಕೇಳು."

"ನಿನ್ನ ಗೆರೇನ ತಗೊಂಡೋಗಿ ಒಲೆಗೆ ಹಾಕು," ಎಂದು ದಡದಡ ಹೊರಟವಳಿಗೆ ಬಾಗಿಲ ಹತ್ತಿರ ಹಳೆಯ ಟರ್ಬೋ ಕಾಲಿಗೆ ತಗುಲಿತು. ಹೆಬ್ಬೆರಳು ಒಡೆದೇ ಹೋಯಿತೇನೋ ಅನ್ನಿಸಿತು. ಬಾಯಿಗೆ ಬಂದದ್ದನ್ನೆಲ್ಲ ಬೈದು, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬೆರಳು ಹಿಡಿದುಕೊಂಡೆ. ಆ ದರಿದ್ರದ ಕಬ್ಬಿಣದ ಮುದ್ದೆಯನ್ನು ನೋಡುತ್ತಾ ಇದ್ದ ಹಾಗೇ ಒಂದು ಮಾತು ನೆನಪಾಯಿತು.

"ಬಾ ಬಾ ಬಾ."

ನಾವು ಚಿಕ್ಕವರಿದ್ದಾಗ ರಜಾ ದಿನಗಳಲ್ಲಿ ಅಮ್ಮ ನಮ್ಮನ್ನೂ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದಳು. ತಿರುವಿಗೆ ಬಹಳ ಮುಂಚೆಯೇ ಆಕ್ಸಿಲರೇಟರ್ ಒತ್ತಿ, "ಬಾ ಬಾ ಬಾ" ಎನ್ನುತ್ತಿದ್ದಳು. ಕಾರಿಗೆ ಏನೂ ಆಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಕಾಲು ಒತ್ತಿಕೊಂಡು "ಬಾ ಬಾ ಬಾ" ಎಂದು ಕಿರುಚುತ್ತಿದ್ದೆವು. ತಿರುವು ಮುಗಿದು ರಸ್ತೆ ನೆಟ್ಟಗಾಗುವ ಹೊತ್ತಿಗೆ ಸರಿಯಾಗಿ ಬಲ ಬಂದು ಬೆನ್ನಿಗೆ ಗುದ್ದುತ್ತಿತ್ತು. ತೊಟ್ಟಿಯ ಹತ್ತಿರ ಕರೆದರೆ ತಿರುವಿನಾಚೆ ಬರುತ್ತಿತ್ತು. ಆ ಸೋಂಬೇರಿ ಎದ್ದು ಬರುವಷ್ಟು ಹೊತ್ತನ್ನು ಲೆಕ್ಕ ಹಾಕಿಯೇ ಅಮ್ಮ ಬೆಟ್ಟದ ಒಂದೊಂದು ತಿರುವನ್ನೂ ಕಾಲಿಗೆ ಕಲಿಸಿದ್ದಳು. ಅವಳು ಎಲ್ಲೂ ತಪ್ಪಿರಲಿಲ್ಲ. ಕರೆದ ತಕ್ಷಣ ಬಂದು ನಿಲ್ಲುವ ಕಾರನ್ನು ಅವಳ ಕೈಗೆ ಕೊಟ್ಟವರು ನಾವು.

"ಪಂಡಿತ, ಇಲ್ಲಿ ಬಾ," ಎಂದೆ. "ತೊಟ್ಟಿ ಹತ್ರ ಅಮ್ಮ ಏನಂತಿದ್ಲು?"

ಅವನು ಯೋಚಿಸಿದ. ಮುಖ ಸಪ್ಪಗಾಯಿತು. "ಅಯ್ಯೋ, ಅಕ್ಕ," ಎಂದು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟ.

ಆಮೇಲೆ ಲ್ಯಾಪ್‌ಟಾಪಿನ ಕಡೆ ಕೈ ಮಾಡಿ, "ಕಂಪ್ಯೂಟರಲ್ಲೇ ಸೆಟ್ ಮಾಡ್ಲಾ? ಒತ್ತಿದ್ಮೇಲೆ ತಡ ಮಾಡಿ ಬಾ ಅಂತ ಹೇಳಿದ್ರೆ ಕೇಳುತ್ತೆ," ಎಂದ.

"ಅಮ್ಮಂಗೆ ನಾಟಕ ಆಡೋ ಕಾರು ಕೊಡ್ತೀಯಾ?"

ಅವನು ಎದ್ದು ಹೋಗಿ ಬಾನೆಟ್ ತೆಗೆದ. ತನ್ನ ಮುದ್ದಿನ ಹೊಸ ಟರ್ಬೋವನ್ನು ತಾನೇ ಬಿಚ್ಚಿದ. ಇಂಜೆಕ್ಷನ್ನೂ ಹೋಯಿತು, ಕಾರ್ಬುರೇಟರ್ ಮರಳಿ ಬಂತು. ನಾನು ಹಳೆಯ ಟರ್ಬೋವನ್ನು ಬಟ್ಟೆಯಲ್ಲಿ ಸುತ್ತಿ ಸೋದರಮಾವನ ಲೇತ್ ಅಂಗಡಿಗೆ ಒಯ್ದೆ. ಮಾವ ಕನ್ನಡಕ ಏರಿಸಿ ಶಾಫ್ಟನ್ನು ಆಡಿಸಿ ನೋಡಿದ.

"ಹೊಸದರ ಹಾಗೆ ಮಾಡ್ಕೊಡ್ಲೇನೇ?"

"ಬೇಡ ಮಾವ. ಎಣ್ಣೆ ಸೋರ್ಬಾರ್ದು ಅಷ್ಟೆ. ಸೋಂಬೇರಿತನ ಹಾಗೇ ಇರ್ಲಿ."

"ನಂಗೆ ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿರ್ಲಿಲ್ಲ," ಎಂದು ನಗುತ್ತಾ ಶಾಫ್ಟು ಕೂರುವ ಬುಷ್ ಕಡೆಯಲು ಕೂತ. ಹಳೆಯ ಫ್ಯಾನನ್ನೇ ತೊಳೆದು, ತೂಕ ಸರಿದೂಗಿಸಿ ಕೊಟ್ಟ.

ಇಷ್ಟಾಗುವಾಗ ಡಾಕ್ಟರು ಹೇಳಿದ್ದ ತಪಾಸಣೆ ಹತ್ತಿರ ಬಂದಿತ್ತು. ಅಮ್ಮ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲೊಲ್ಲಳು. ತಪ್ಪು ನಿನ್ನದಲ್ಲ, ನಮ್ಮದು ಎಂದು ಬಿಡಿಸಿ ಬಿಡಿಸಿ ಹೇಳಿದೆ.

"ಸಮಾಧಾನ ಮಾಡೋಕೆ ಬರ್ಬೇಡ. ನಾನೇನು ಮಗುವಾ?" ಎಂದಳು.

ಕೊನೆಗೆ, "ಓಡಿಸ್ಬೇಡ, ಸುಮ್ನೆ ಬಂದು ಕೂತ್ಕೋ. ಬ್ರೇಕ್ ನೋಡೋಕೆ ಪಕ್ಕದಲ್ಲಿ ಭಾರ ಬೇಕು," ಎಂದೆ.

"ಓಹೋ, ಈಗ ನಾನು ಭಾರ ಆದ್ನಾ?" ಎಂದು ಗೊಣಗಿಕೊಂಡೇ ಚಪ್ಪಲಿ ಮೆಟ್ಟಿದಳು.

ಅಂದು ಬೆಟ್ಟದ ರಸ್ತೆಯಲ್ಲಿ ನಾನು ಬೇಕೆಂದೇ ಕೆಟ್ಟದಾಗಿ ಓಡಿಸಿದೆ ಎಂದು ಪಂಡಿತ ಈಗಲೂ ವಾದಿಸುತ್ತಾನೆ. ಖಂಡಿತ ಇಲ್ಲ. ಆ ಹಳೆಯ ಟರ್ಬೋ ನನಗೆ ಬಗ್ಗಲೇ ಇಲ್ಲ. ಎಲ್ಲರೂ ಒತ್ತುವ ಕಡೆ, ತಿರುವು ಮುಗಿಯುವಾಗ ಒತ್ತಿದೆ. ಡಬ್ಬಿ ಸತ್ತಂತೆ ಬಿದ್ದಿತ್ತು. ಇನ್ನೂ ಒತ್ತಿದೆ. ಮುಂದಿನ ತಿರುವು ಕಾಣತೊಡಗಿದಾಗ, ಬೇಡದ ಹೊತ್ತಿನಲ್ಲಿ ಧಡಕ್ಕನೆ ಬಂತು. ಗಾಬರಿಯಾಗಿ ಕಾಲು ತೆಗೆದೆ, ಡಬ್ಬಿ ಮುಗ್ಗರಿಸಿತು. ಅಮ್ಮನ ಹಣೆ ಗಂಟಿಕ್ಕುತ್ತಾ ಬಂತು. ತೊಟ್ಟಿಯ ಹತ್ತಿರ ಅವಳ ಕಾಲು ತಾನಾಗಿ ನೆಲವನ್ನು ಒತ್ತಿದ್ದನ್ನು ನಾನು ನೋಡಿದೆ. ನಾನು ಒತ್ತಿದ್ದು ಆಮೇಲೆ.

"ಅಯ್ಯೋ, ಈಗಲ್ಲ ಕಣೇ! ಆಗ್ಲೇ ಕರೀಬೇಕಿತ್ತು ಅದನ್ನ! ಯಾರೇ ನಿಂಗೆ ಡ್ರೈವಿಂಗ್ ಕಲಿಸಿದ್ದು?"

"ನೀನೇ."

"ಇಳಿ, ಇಳಿ. ಎಂಜಿನ್ನ ಕೊಂದೇಬಿಡ್ತೀಯ."

ಜಾಗ ಬದಲಿಸಿದೆವು. ಅಮ್ಮ ತೊಟ್ಟಿಗಿಂತ ಕೆಳಕ್ಕೆ ಹಿಂದೆ ಬಂದು, ಮತ್ತೆ ಹೊರಟಳು. ತೊಟ್ಟಿಯ ಹತ್ತಿರ ಒತ್ತಿದಳು. ಏನೂ ಆಗಲಿಲ್ಲ. "ಬಾ ಬಾ ಬಾ," ಎಂದಳು, ತೀರಾ ಮೆಲ್ಲಗೆ. ಡಬ್ಬಿ ತಿರುವಿನೊಳಗೆ ಮೆತ್ತಗೆ ಹೊರಳಿತು, ರಸ್ತೆ ನೆಟ್ಟಗಾಯಿತು, ಅದೇ ಕ್ಷಣಕ್ಕೆ ಬಲ ಬಂದು ಬೆನ್ನಿಗೆ ಗುದ್ದಿತು. ಅಮ್ಮ ನನ್ನ ಕಡೆ ನೋಡಲಿಲ್ಲ. ಮುಂದಿನ ತಿರುವಿಗೂ ಕರೆದಳು, ಅದೂ ಬಂತು. ಅದರಾಚೆಯದೂ. ಒಂದು ಕಡೆ ಖುಷಿಗೆ ನಾನೂ ಕಾಲು ಒತ್ತಿ ಕಿರುಚಿದೆ. ಇಷ್ಟು ದೊಡ್ಡವಳಾಗಿ ಹಾಗೆ ಕಿರುಚಿದ್ದು ನೆನೆದರೆ ನಗು ಬರುತ್ತದೆ.

ತುದಿಯಲ್ಲಿ ಕೇಂದ್ರದ ಬೀಗ ಹಾಕಿದ ಬಾಗಿಲಿನ ಮುಂದೆ ಕಾರು ನಿಲ್ಲಿಸಿದಳು. ಎಂಜಿನ್ ಮಾತ್ರ ಆರಿಸಲಿಲ್ಲ. ಬಿಸಿಯಾದ ಟರ್ಬೋಗೆ ಎಣ್ಣೆ ಹರಿದು ತಣ್ಣಗಾಗುವ ತನಕ ಹಾಗೇ ಬಿಡಬೇಕು, ಅದು ಅವಳ ಹಳೆಯ ಅಭ್ಯಾಸ. ಇಬ್ಬರೂ ಕೂತಿದ್ದೆವು. ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು.

"ಕಣ್ಣು ಹೋಗ್ತಿದೆ ಅಂತ ಗೊತ್ತಿತ್ತು," ಎಂದಳು. "ಕೈಯೂ ಹೋಯ್ತೇನೋ ಅಂತ ಹೆದರಿಬಿಟ್ಟಿದ್ದೆ ಕಣೇ. ಇಲ್ಲ. ಇದೆ."

"ಇದೆ ಅಮ್ಮ."

"ಒಂದು ಮಾತು ಹೇಳ್ತೀನಿ, ಬೈಬೇಡ. ಎಡಗಡೆ ಗೋಡೆ ನಂಗೆ ಎಲ್ಲೂ ಸರಿಯಾಗಿ ಕಾಣ್ಲಿಲ್ಲ. ಟರ್ಬೋ ಬರೋ ಹೊತ್ತಿನ ಲೆಕ್ಕದಲ್ಲೇ ಓಡಿಸ್ಕೊಂಡು ಬಂದೆ."

ಆ ಗೋಡೆಯ ಪಕ್ಕದಲ್ಲೇ ಕೂತು ನಾನು ಕಿರುಚಿಕೊಂಡು ಬಂದಿದ್ದೆ! "ಮೊದಲೇ ಹೇಳೋಕೇನಾಗಿತ್ತು?" ಎಂದು ರೇಗಿದೆ.

"ಹೇಳಿದ್ರೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅವಳು ಎಂಜಿನ್ ಆರಿಸಿದಳು, ಕೀ ತೆಗೆದಳು, ನನ್ನ ಅಂಗೈ ಬಿಡಿಸಿ ಅದರಲ್ಲಿಟ್ಟು ಮುಚ್ಚಿದಳು. "ಇಳಿಯೋಕೆ ಟರ್ಬೋ ಬೇಕಾಗಲ್ಲ. ಅಷ್ಟಾದ್ರೂ ನೆಟ್ಟಗೆ ಓಡ್ಸು," ಎಂದಳು. ನಾನು ಮುಖ ತಿರುಗಿಸಿಕೊಂಡು ಅತ್ತೆ. ಅವಳು ಅದನ್ನು ನೋಡಿಯೂ ನೋಡದವಳಂತೆ ಇಳಿದು ಈಚೆ ಬಂದಳು.

ಮುಂದಿನ ವಾರ ಡಾಕ್ಟರು ಯಂತ್ರದಲ್ಲಿ ಅವಳ ಕಣ್ಣು ನೋಡಿ, ಕುರ್ಚಿ ಹಿಂದೆ ಸರಿಸಿದರು. ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

"ಕಷ್ಟಪಡ್ಬೇಡಿ ಡಾಕ್ಟ್ರೇ," ಎಂದಳು ಅಮ್ಮ. "ನಾನು ಕೀ ಕೊಟ್ಟಾಯ್ತು. ಕಣ್ಣೊಂದೇ ಹೋಗಿರೋದು. ಕೈ ಚೆನ್ನಾಗಿದೆ, ಬೇಕಾದ್ರೆ ಇವಳನ್ನ ಕೇಳಿ."

ಡಾಕ್ಟರು ನನ್ನ ಕಡೆ ನೋಡಿದರು. ಹೌದು ಎಂದೆ.