ಕಾರ್ಪೊರಲ್ ಒಕ್ಟೇವಿಯಾ ಬರೆದ ನಾಲ್ಕು ಸಾಲು

ಪೊಲೀಸ್ ತರಬೇತಿ ಶಾಲೆಯವರು ಕೊಟ್ಟ ಪಾಠಪಟ್ಟಿಯಲ್ಲಿ ಆ ಬೆಳಗಿನ ವಿಷಯ ‘ನೀತಿ, ವೃತ್ತಿಯ ಶಿಸ್ತು, ಸಮಾನತೆ’ ಎಂದಿತ್ತು. ನಿವೃತ್ತ ಇನ್‌ಸ್ಪೆಕ್ಟರ್ ಎವರಿಸ್ಟ್ ಮೊಂಟೂಟ್ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಎದುರಿಗೆ ಇಪ್ಪತ್ತಾರು ಹೊಸಬರು ಗಂಜಿ ಹಾಕಿದ ಅಂಗಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅವರನ್ನು ನೋಡಿದ್ದೇ ತಡ, ನಲವತ್ತೆಂಟು ವರ್ಷ ಹಿಂದಿನ, ದ್ವೀಪದ ಅಂಚಿನ ಆನ್ಸ್ ಬೆಲಿಯೆ ಎಂಬ ಕಡಲೂರಿನ ಠಾಣೆ ಕಣ್ಣಮುಂದೆ ಬಂದು ನಿಂತಿತು.

ಆಗ ಎವರಿಸ್ಟ್ ಇಪ್ಪತ್ತೊಂದರ ಹುಡುಗ. ಠಾಣೆಯೆಂದರೆ ಎರಡು ಕೋಣೆ, ಒಂದು ಲಾಕಪ್ಪು, ಹಿತ್ತಿಲಲ್ಲೊಂದು ಕಾಡುಬಾದಾಮಿ ಮರ. ಬೆಳಗಾದರೆ ಕಿಟಕಿಯಿಂದ ಮೀನುದೋಣಿಗಳು ಕಾಣುತ್ತಿದ್ದವು. ದಾಲ್ಚಿನ್ನಿ ಹಾಕಿ ಕುದಿಸಿದ ಕೋಕೋ ಚಹಾದ ವಾಸನೆಗೆ ಎಚ್ಚರವಾಗುತ್ತಿತ್ತು. ಆ ಚಹಾ ಕಾಯಿಸುತ್ತಿದ್ದವರು ಕಾನ್‌ಸ್ಟೆಬಲ್‌ಗಿಂತ ಒಂದೇ ಮೆಟ್ಟಿಲು ಮೇಲಿನ ಕಾರ್ಪೊರಲ್ ಒಕ್ಟೇವಿಯಾ. ದಪ್ಪ ಮೈ, ಕೀರಲು ದನಿ. ಊರಿನಲ್ಲಿ ಪೊಲೀಸ್ ಬಟ್ಟೆ ತೊಟ್ಟ ಮೊದಲ ಹೆಂಗಸು. ಬೆಲ್ಟಿನ ಬಕ್ಕಲು ಉಜ್ಜುವುದನ್ನೂ ಕುಡುಕನನ್ನು ನೋಯಿಸದೆ ಎಬ್ಬಿಸುವುದನ್ನೂ ಅವನಿಗೆ ಕಲಿಸಿದ್ದು ಅವರೇ. ಠಾಣೆಗೆ ಪಾದ್ರಿ ಬರಲಿ, ಜೇಬುಗಳ್ಳ ಬರಲಿ, ಒಂದೇ ಬೆಂಚಿನ ಮೇಲೆ ಕೂರಿಸಬೇಕು, ಇಬ್ಬರನ್ನೂ ‘ತಾವು’ ಎಂದೇ ಮಾತನಾಡಿಸಬೇಕು ಎಂಬುದು ಅವರ ಕಟ್ಟುನಿಟ್ಟು. ಎವರಿಸ್ಟ್ ಎಲ್ಲಕ್ಕೂ ತಲೆಯಾಡಿಸುತ್ತಿದ್ದ. ಮನಸ್ಸಿನೊಳಗೆ ಅವರನ್ನು ತಾಯಿಯ ಸ್ಥಾನದಲ್ಲಿಟ್ಟಿದ್ದ.

ಅವನು ಸೇರಿ ಆರನೆಯ ವಾರ, ಒಂದು ಶುಕ್ರವಾರ ಮಧ್ಯಾಹ್ನ ಸಂತೆಯಲ್ಲಿ ಹೊಡೆದಾಟವಾಯಿತು. ಬಾಳೆತೋಟದ ಮ್ಯಾನೇಜರನ ಅಳಿಯ ಜೂಲಿಯನ್ ತನ್ನ ಜೀಪನ್ನು ಕೆಸುವಿನ ಗೆಡ್ಡೆಯ ಬುಟ್ಟಿಗಳ ಮೇಲೆ ಹತ್ತಿಸಿದ್ದ. ಬುಟ್ಟಿಗಳು ಸೈಲಸ್ ಎಂಬವನವು. ಸೈಲಸ್ ಗುಡ್ಡದ ಮೇಲೆ ಗೆಡ್ಡೆ ಬೆಳೆದುಕೊಂಡಿದ್ದ ರಾಸ್ತಾ, ಕೂದಲಿಗೆ ಕತ್ತರಿ ತಾಗಿಸಬಾರದೆಂಬ ಆ ಪಂಥದ ವ್ರತದಂತೆ ಸೊಂಟದವರೆಗೆ ಜಟೆ ಬಿಟ್ಟವನು. ಮಾತಿಗೆ ಮಾತು ಬೆಳೆದು ಕೈ ಮಿಲಾಯಿಸಿದ್ದರು. ಇಬ್ಬರಿಗೂ ತುಟಿ ಒಡೆದಿತ್ತು. ಠಾಣೆಗೆ ಬಂದಾಗ ಠಾಣೆಯ ಮುಖ್ಯಸ್ಥ ಸಾರ್ಜೆಂಟ್ ಡಸ್ಟನ್ ಜೂಲಿಯನ್‌ನನ್ನು ತಮ್ಮ ಕೋಣೆಗೆ ಕರೆದು ಕುರ್ಚಿ ಕೊಟ್ಟರು, ತುಟಿಗೆ ಒತ್ತಿಕೊಳ್ಳಲು ಮಂಜುಗಡ್ಡೆ ತರಿಸಿದರು. ಸೈಲಸ್‌ನನ್ನು ಹಿತ್ತಿಲ ಬಿಸಿಲಲ್ಲಿ ನಿಲ್ಲಿಸಿದರು. ಲಾಕಪ್ಪಿಗೆ ಹಾಕುವ ಮೊದಲು ತಲೆ ಬೋಳಿಸಬೇಕು, ಇಲ್ಲದಿದ್ದರೆ ಹೇನು ಬೀಳುತ್ತದೆ ಎಂದು ಹೇಳಿ ಎವರಿಸ್ಟ್‌ನ ಕೈಗೆ ಕತ್ತರಿ ಕೊಟ್ಟರು.

ಹಾಗೊಂದು ನಿಯಮವಿಲ್ಲವೆಂದು ಎವರಿಸ್ಟ್‌ಗೆ ಗೊತ್ತಿತ್ತು. ಆದರೆ ಸಾರ್ಜೆಂಟರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಅವನು ಒಂದು ಜಟೆ ಹಿಡಿದು ಕತ್ತರಿಸಿದ. ಹಗ್ಗ ಕತ್ತರಿಸಿದಷ್ಟು ಬಲ ಬೇಕಾಯಿತು.

ಸೈಲಸ್ ಕೊಸರಾಡಲಿಲ್ಲ. “ಅದು ಹನ್ನೊಂದು ವರ್ಷದ್ದು, ಆಫೀಸರ್,” ಎಂದಷ್ಟೇ ಹೇಳಿದ.

ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹಿತ್ತಿಲ ಗೇಟು ತೆರೆಯಿತು. ಶಾಲೆ ಬಿಡುವ ಹೊತ್ತಿಗೆ ಮಕ್ಕಳನ್ನು ರಸ್ತೆ ದಾಟಿಸಲು ಹೋಗಿದ್ದ ಒಕ್ಟೇವಿಯಾ ವಾಪಸು ಬಂದಿದ್ದರು. ಅವನ ಕೈಯಿಂದ ಕತ್ತರಿ ತೆಗೆದುಕೊಂಡರು. ಸೈಲಸ್‌ನನ್ನು ಒಳಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಠಾಣೆಯ ಡೈರಿ ತೆರೆದರು. ಸಾರ್ಜೆಂಟರು ಗದರಿದರು, ಆಮೇಲೆ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿ ನೋಡಿದರು. ಒಕ್ಟೇವಿಯಾ ಬರೆಯುವುದನ್ನು ನಿಲ್ಲಿಸಲಿಲ್ಲ.

ಬರೆದದ್ದು ನಾಲ್ಕೇ ಸಾಲು. ಗಾಯಗೊಂಡ ಇಬ್ಬರಲ್ಲಿ ಒಬ್ಬರಿಗೆ ಕುರ್ಚಿ, ಇನ್ನೊಬ್ಬರಿಗೆ ಬಿಸಿಲು. ಸಾರ್ಜೆಂಟ್ ಡಸ್ಟನ್ ಕೂದಲು ಕತ್ತರಿಸಲು ಹೇಳಿದರು. ಕಾನ್‌ಸ್ಟೆಬಲ್ ಮೊಂಟೂಟ್ ಒಂದು ಜಟೆ ಕತ್ತರಿಸಿದರು. ಕಾರ್ಪೊರಲ್ ಒಕ್ಟೇವಿಯಾ ಕರ್ತವ್ಯದ ವೇಳೆ ಮೀನು ಕೊಳ್ಳಲು ನಿಂತದ್ದರಿಂದ ಇಪ್ಪತ್ತು ನಿಮಿಷ ತಡವಾಗಿ ಬಂದರು.

ಎವರಿಸ್ಟ್ ಒಕ್ಟೇವಿಯಾರ ಹೆಗಲ ಹಿಂದಿನಿಂದ ಓದಿದ.

“ಮೇಡಂ, ನನ್ನ ಹೆಸ್ರು ಬಿಟ್ಬಿಡಿ. ಸೇರಿ ಇನ್ನೂ ಆರು ವಾರ. ಹೇಳಿದ್ದು ಸಾರ್ಜೆಂಟು, ನಾನಲ್ಲ.”

“ಅವ್ರು ಹೇಳಿದ್ರು ಅಂತಾನೂ ಬರ್ದಿದೀನಲ್ಲ. ಕತ್ತರಿ ಯಾರ ಕೈಲಿತ್ತು ಮಗಾ?”

“ನಿಮ್ಗೆ ನನ್ಮೇಲೆ ಪ್ರೀತಿ ಇದೆ ಅಂದ್ಕೊಂಡಿದ್ದೆ.”

“ಇದೆ. ಅದಕ್ಕೇನೀಗ? ನಿನ್ನ ಹೆಸ್ರು ಬಿಟ್ರೆ, ಆ ಜಟೆ ತಾನಾಗೇ ಉದುರ್ತು ಅಂತ ಬರೀಬೇಕಾಗುತ್ತೆ.”

ವಿಚಾರಣೆಗೆ ಪಟ್ಟಣದಿಂದ ಸೂಪರಿಂಟೆಂಡೆಂಟರು ಬಂದರು. ಸಾರ್ಜೆಂಟರಿಗೆ ವರ್ಗವಾಯಿತು, ಹೋದದ್ದು ಇದಕ್ಕಿಂತ ಒಳ್ಳೆಯ ಠಾಣೆಗೇ. ಎವರಿಸ್ಟ್‌ನ ದಾಖಲೆಯಲ್ಲಿ ಕಪ್ಪು ಗುರುತು ಬಿತ್ತು, ನಾಲ್ಕು ವರ್ಷ ಬಡ್ತಿ ಸಿಗಲಿಲ್ಲ. ಒಕ್ಟೇವಿಯಾ ಕೊನೆಯವರೆಗೂ ಕಾರ್ಪೊರಲ್ ಆಗಿಯೇ ಉಳಿದರು. ಅದಕ್ಕೆ ಕಾರಣ ಆ ಮೀನೇ ಎಂದು ಅವರು ನಗುತ್ತಿದ್ದರು.

ಒಂದು ತಿಂಗಳು ಎವರಿಸ್ಟ್ ಅವರ ಜೊತೆ ಕೂತು ಉಣ್ಣಲಿಲ್ಲ. ಕಾಯಿಸಿಟ್ಟ ಚಹಾ ಮುಟ್ಟಲಿಲ್ಲ. ಅವರೂ ಕರೆಯಲಿಲ್ಲ, ಆದರೆ ಲೋಟ ಇಡುವುದನ್ನು ಬಿಡಲಿಲ್ಲ. ಆಮೇಲೊಂದು ರಜೆಯ ದಿನ ಅವನೇ ಗುಡ್ಡ ಹತ್ತಿ ಹೋದ. ತಪ್ಪಾಯಿತು ಎಂದು ಸೈಲಸ್‌ಗೆ ಹೇಳಿದ. ಸೈಲಸ್ ಕ್ಷಮಿಸಿದೆನೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕಳೆ ಕೀಳುವುದಿದೆ ಎಂದ. ಸಂಜೆಯವರೆಗೂ ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ಕಳೆ ಕಿತ್ತರು. ಇಳಿದು ಠಾಣೆಗೆ ಬಂದಾಗ ಮೊಣಕಾಲವರೆಗೆ ಕೆಸರಾಗಿದ್ದ ಎವರಿಸ್ಟ್‌ನನ್ನು ಒಕ್ಟೇವಿಯಾ ನೋಡಿದರು. ಬೂಟು ಹೊರಗೆ ಬಿಡು ಎಂದರು, ಅಷ್ಟೇ. ಮರುದಿನ ಅವನು ಚಹಾ ಕುಡಿದ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಎರಡನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಆಮೇಲೆ ತಾವೂ ಹಾಗೇ ಬರೆದ್ರಾ? ಜೊತೆಯೋರ ಬಗ್ಗೆ?”

ಮೂವತ್ತೇಳು ವರ್ಷದ ನೌಕರಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು.

“ಎರಡು ಸಲ ಬರ್ದೆ,” ಎಂದರು. “ಒಂದು ಸಲ ಬರೀಲಿಲ್ಲ. ಅವ್ನು ನನ್ನ ಮದುವೆಗೆ ಬೆಸ್ಟ್‌ಮ್ಯಾನ್ ಆಗಿದ್ದೋನು. ಅವ್ನ ಕೈಲಿ ಏಟು ತಿಂದ ಹುಡುಗನಿಗೆ ಈಗ್ಲೂ ಒಂದು ಕಿವಿ ಕೇಳ್ಸಲ್ಲ.”

ಹುಡುಗಿ ಮೆಲ್ಲಗೆ ಕೂತಳು. ಹಿಂದಿನ ಸಾಲಿನಿಂದ ಒಬ್ಬ, ಆ ಕಾರ್ಪೊರಲ್ ನೋಡಲು ಹೇಗಿದ್ದರು ಎಂದು ಕೇಳಿದ. ಎವರಿಸ್ಟರ ಮುಖ ಸಡಿಲವಾಯಿತು. ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ತಪ್ಪಾಗಿ ಅವರು ಹಾಡುತ್ತಿದ್ದುದನ್ನು ಹೇಳಿದರು. ಭಾನುವಾರ ಕೆಂಡದ ಮೇಲೆ ಜೀಗುಜ್ಜೆ ಕಾಯಿ ಸುಟ್ಟು, ಉಪ್ಪುಮೀನಿನ ಜೊತೆ ಲಾಕಪ್ಪಿನಲ್ಲಿದ್ದವರಿಗೂ ಬಡಿಸುತ್ತಿದ್ದುದನ್ನು ಹೇಳಿದರು. ಪಾಠಪಟ್ಟಿಯ ಮುಕ್ಕಾಲು ಭಾಗ ಆ ದಿನ ಹಾಗೇ ಉಳಿಯಿತು.